ವಾಸನೆಯಿಲ್ಲದ ಕಾಗದ

ಜನವರಿ 9

ಕಂಡಕ್ಟರಿನ ಅಪ್ಪನಿಗೆ,

ನಾನೂ ಮಗಳೂ ನನ್ನ ಅಕ್ಕನ ಮನೆ ಸೇರಿ ಮೂರು ದಿನವಾಯಿತು. ನೀವು ದಿನಕ್ಕೆ ಆರು ಸಲ ಫೋನ್ ಮಾಡುತ್ತಿದ್ದೀರಿ, ನಾನು ಎತ್ತುತ್ತಿಲ್ಲ. ಬರೀ ಕೋಪಕ್ಕಲ್ಲ. ಕೋಪವೂ ಇದೆ, ಅದು ಬೇರೆ ಮಾತು. ಫೋನಿನಲ್ಲಿ ನೀವು ಎರಡು ಮಾತಾಡಿದರೆ ನನಗೆ ನಗು ಬಂದುಬಿಡುತ್ತದೆ. ನಕ್ಕ ಮೇಲೆ ಜಗಳ ಎಲ್ಲಿ ಉಳಿಯುತ್ತದೆ? ಹತ್ತು ವರ್ಷ ಹೀಗೆ ನಗಿಸಿ ನಗಿಸಿಯೇ ನನ್ನ ಬಾಯಿ ಮುಚ್ಚಿಸಿದ್ದೀರಿ. ಇನ್ನು ಏನು ಹೇಳುವುದಿದ್ದರೂ ಕಾಗದದಲ್ಲಿ ಬರೆಯಿರಿ.

ಅವತ್ತು ಎದೆ ಡಾಕ್ಟರು ಮನೆಯಲ್ಲಿ ಯಾರಾದರೂ ಸಿಗರೇಟು ಸೇದುತ್ತಾರಾ ಎಂದು ಕೇಳಿದಾಗ ನೀವು ಇಲ್ಲ ಎಂದಿರಿ. ನಾನೂ ತಲೆಯಾಡಿಸಿದೆ. ನಿಜವೇ ತಾನೆ? ಮಗು ಹುಟ್ಟಿದ ದಿನದಿಂದ ನೀವು ಮನೆಯೊಳಗೆ ಒಂದೂ ಸೇದಿಲ್ಲ. ಅಕ್ಕಪಕ್ಕದವರ ಮುಂದೆಲ್ಲ ನಾನು ಅದನ್ನು ಹೇಳಿಕೊಂಡು ಮೆರೆದವಳು. ಎಂಟು ವರ್ಷದ ಮಗುವಿಗೆ ಉಬ್ಬಸ ಯಾಕೆ ಇಳಿಯುತ್ತಿಲ್ಲ ಎಂದು ಡಾಕ್ಟರು ತಲೆ ಕೆರೆದುಕೊಂಡರು. ಆಮೇಲೆ ಅವಳನ್ನೇ ಕೂರಿಸಿಕೊಂಡು, ದಿನವೆಲ್ಲ ಏನು ಮಾಡುತ್ತೀಯ ಎಂದು ವಿಚಾರಿಸಿದರು. ನಮ್ಮ ಮಗಳು ಎಷ್ಟು ಬಿಂಕದಿಂದ ಹೇಳಿದಳು ನೆನಪಿದೆಯಾ?

“ನಾನು ಅಪ್ಪನ ಸ್ಕೂಲ್ ವ್ಯಾನಿಗೆ ಕಂಡಕ್ಟರು. ಎಲ್ರಿಗಿಂತ ಮೊದ್ಲು ಹತ್ತೋದು ನಾನೇ, ಕೊನೇಲಿ ಇಳಿಯೋದೂ ನಾನೇ. ಅಪ್ಪ ಸೇದೋವಾಗ ಕೈ ಕಿಟಕಿ ಆಚೆ ಇಟ್ಕೊಂಡಿರ್ತಾನೆ.”

ನೀವು ನಿಮ್ಮ ಚಪ್ಪಲಿ ನೋಡಿಕೊಂಡಿರಿ. ಆಮೇಲೆ ಬಾಯಿಬಿಟ್ಟಿರಿ. ಮೊದಲನೇ ಮಗು ಹತ್ತುವ ತನಕ ಇಪ್ಪತ್ತೈದು ನಿಮಿಷದ ದಾರಿ, ಸಂಜೆ ಕೊನೇ ಮಗುವನ್ನು ಇಳಿಸಿದ ಮೇಲೆ ಮತ್ತೆ ಇಪ್ಪತ್ತೈದು ನಿಮಿಷ. ಆ ಹೊತ್ತಿನಲ್ಲಿ ಮಾತ್ರ ಸೇದುತ್ತೀರಿ. ಬೇರೆಯವರ ಮಕ್ಕಳ ಎದುರಿಗೆ ಸೇದಬಾರದು ಎನ್ನುವ ಮರ್ಯಾದೆ ನಿಮಗಿತ್ತು. ಪಕ್ಕದ ಸೀಟಿನಲ್ಲಿ ಕೂತವಳು ನಿಮ್ಮವಳೇ ಅಲ್ಲವಾ, ಅವಳ ಮುಂದೆ ಎಂಥ ಮರ್ಯಾದೆ!

ನನ್ನ ಹೊಲಿಗೆ ಮಷೀನಿಗೆ ವಾರಕ್ಕೊಮ್ಮೆ ಎಣ್ಣೆ ಬಿಡಿ, ಇಲ್ಲದಿದ್ದರೆ ಜಾಮ್ ಆಗುತ್ತದೆ. ನೀವು ಸಿಗರೇಟು ಬಿಟ್ಟ ಮೇಲೆ ನಾವು ಬರುತ್ತೇವೆ. ಅದಕ್ಕೆ ಮುಂಚೆ ಬರುವುದಿಲ್ಲ.

ಮಗುವಿನ ಅಮ್ಮ


ಜನವರಿ 18

ಟೈಲರಮ್ಮನವರ ಸನ್ನಿಧಿಗೆ ಡ್ರೈವರನ ಅರಿಕೆ,

ಶಾಲೆ ಬಿಟ್ಟ ಮೇಲೆ ನಾನು ಎರಡು ಹಾಳೆ ಬರೆದದ್ದು ಲೈಸೆನ್ಸಿಗೆ ಅರ್ಜಿ ಹಾಕಿದಾಗ ಮಾತ್ರ. ಅಕ್ಷರ ಓಡಾಡುತ್ತವೆ, ಹಿಡಿದು ಓದಿಕೋ.

ತಪ್ಪು ಮಾಡಿದೆ ಕಣೇ. ಆದರೆ ವಿಷ ಹಾಕಿದವನ ಹಾಗೆ ನನ್ನನ್ನು ನೋಡಬೇಡ. ಕಿಟಕಿ ಪೂರ್ತಿ ಇಳಿಸಿರುತ್ತಿದ್ದೆ. ಚಳಿಯಲ್ಲೂ ಇಳಿಸಿ ಕಿವಿ ನೋಯಿಸಿಕೊಂಡಿದ್ದೇನೆ. ಹೊಗೆ ಹೊರಗೆ ಹೋಗುವುದನ್ನು ಕಣ್ಣಾರೆ ನೋಡಿದ್ದೇನೆ. ನಮ್ಮಪ್ಪ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡೇ ಸೇದುತ್ತಿದ್ದ. ನಾನು ಗೂಳಿಯ ಹಾಗೆ ಬೆಳೆಯಲಿಲ್ಲವಾ? ಡಾಕ್ಟರಿಗೆ ಮದ್ದು ತಿಳಿಯಲಿಲ್ಲ, ಗೂಬೆ ತಂದು ನನ್ನ ತಲೆ ಮೇಲೆ ಕೂರಿಸಿದರು.

ಇರಲಿ. ದಿನಕ್ಕೆ ಹದಿನಾಲ್ಕು ಸೇದುತ್ತಿದ್ದವನು ಆರಕ್ಕೆ ಇಳಿಸಿದ್ದೇನೆ. ವ್ಯಾನಿನೊಳಗೆ ಮುಟ್ಟುತ್ತಿಲ್ಲ. ಆ ಹತ್ತು ಕೋತಿಗಳೂ ದಿನಾ ಕೇಳುತ್ತವೆ, ಕಂಡಕ್ಟರ್ ಎಲ್ಲಿ ಎಂದು. ಎಣಿಸುವವರಿಲ್ಲದೆ ಮೊನ್ನೆ ಒಂದು ಮಗುವನ್ನು ಸ್ಟಾಪಿನಲ್ಲೇ ಬಿಟ್ಟು ಹೊರಟಿದ್ದೆ. ಮುಂದಿನ ಸೀಟಿಗೆ ಇನ್ನೊಬ್ಬಳು ಹಕ್ಕು ಸಾಧಿಸಲು ಬಂದಳು, ಅಲ್ಲಿ ನನ್ನ ಊಟದ ಬ್ಯಾಗು ಇಟ್ಟುಬಿಟ್ಟೆ.

ಮನೆ ಬಿಕೋ ಎನ್ನುತ್ತದೆ. ಮಷೀನಿಗೆ ಎಣ್ಣೆ ಬಿಟ್ಟೆ, ನೆಲದ ಮೇಲೂ ಬಿಟ್ಟೆ. ಹಟ ಸಾಕು, ಬಂದುಬಿಡು.

ನಿನ್ನ ಡ್ರೈವರು


ಜನವರಿ 29

ಮಗುವಿನ ಅಪ್ಪನಿಗೆ,

ನಿಮ್ಮ ಕಾಗದ ಬಂದಾಗ ಮಗಳು ಕೋಣೆಯ ಆ ಮೂಲೆಯಲ್ಲಿ ಗೋಡೆ ಕಡೆ ಮುಖ ಮಾಡಿಕೊಂಡು ಚಿತ್ರಕ್ಕೆ ಬಣ್ಣ ಹಚ್ಚುತ್ತಿದ್ದಳು. ನಾನು ಬಾಗಿಲ ಹತ್ತಿರ ನಿಂತು ಕವರು ಹರಿದೆ, ಅಷ್ಟೆ. ಮಾತಾಡಿರಲಿಲ್ಲ. ಅವಳು ತಿರುಗಿಯೂ ನೋಡದೆ ಕೇಳಿದಳು.

“ಅಪ್ಪ ಬಂದ್ನಾ?”

ಕಾಗದವನ್ನು ಮೂಗಿಗೆ ಹಿಡಿದು ನೋಡಿದೆ. ಆ ಮಗುವಿಗೆ ಅಪ್ಪ ಎಂದರೆ ಆ ವಾಸನೆ. ನೀವು ಹತ್ತಿರವಿದ್ದ ಇಷ್ಟು ವರ್ಷ ನನಗೆ ಅದು ಗೊತ್ತೇ ಆಗಿರಲಿಲ್ಲ. ನನ್ನ ಮೂಗೂ ಅದಕ್ಕೆ ಒಗ್ಗಿಹೋಗಿತ್ತು ಎಂದು ಕಾಣುತ್ತದೆ.

ಇಲ್ಲಿನ ಡಾಕ್ಟರನ್ನೂ ಕಂಡೆ. ಕಿಟಕಿ ತೆಗೆದರೆ ಹೊಗೆ ಹೋಗುತ್ತದೆ ಎನ್ನುವುದು ನಮ್ಮ ಭ್ರಮೆಯಂತೆ. ಓಡುವ ಗಾಡಿಯಲ್ಲಿ ಗಾಳಿ ಅದನ್ನು ಒಳಕ್ಕೇ ತಳ್ಳುತ್ತದಂತೆ. ಸೀಟಿನ ಬಟ್ಟೆಗೆ, ನಿಮ್ಮ ಅಂಗಿಗೆ, ಕೂದಲಿಗೆ ಮೆತ್ತಿಕೊಂಡದ್ದು ದಿನಗಟ್ಟಲೆ ಬಿಡುವುದಿಲ್ಲವಂತೆ. ನೀವು ಗೂಳಿಯ ಹಾಗೆ ಬೆಳೆದದ್ದನ್ನೂ ಹೇಳಿದೆ. ಅವರು ನಗಲಿಲ್ಲ. ಮೆಟ್ಟಿಲು ಹತ್ತುವಾಗ ನೀವು ಎಷ್ಟು ಸಲ ನಿಲ್ಲುತ್ತೀರಿ ಎಂದು ಕೇಳಿದರು. ಎರಡು ಸಲ ಎಂದೆ.

ಆರಕ್ಕೆ ಇಳಿಸಿದ್ದೇನೆ, ನಾಲ್ಕಕ್ಕೆ ಇಳಿಸಿದ್ದೇನೆ ಎಂಬ ಲೆಕ್ಕ ನನಗೆ ಬೇಡ. ನಿಮ್ಮ ಕಾಗದದಲ್ಲಿ ಯಾವತ್ತು ಈ ವಾಸನೆ ಇರುವುದಿಲ್ಲವೋ ಅವತ್ತೇ ಗಂಟುಮೂಟೆ ಕಟ್ಟುತ್ತೇನೆ. ನೀವು ಮಾತಿನ ಮಲ್ಲ. ನಿಮ್ಮ ಮಾತು ನಂಬುವುದಿಲ್ಲ, ನನ್ನ ಮೂಗು ನಂಬುತ್ತೇನೆ. ಎದೆ ಆಸ್ಪತ್ರೆಯಲ್ಲಿ ಸಿಗರೇಟು ಬಿಡಿಸುವುದಕ್ಕೇ ಒಂದು ಕೋಣೆ ಇದೆಯಂತೆ, ಪ್ರತಿ ಮಂಗಳವಾರ ನೋಡುತ್ತಾರಂತೆ. ನಾಚಿಕೆ ಪಡದೆ ಹೋಗಿ.

ಮಗುವಿನ ಅಮ್ಮ


ಫೆಬ್ರವರಿ 20

ಟೈಲರಮ್ಮ,

ಹೋಗಿದ್ದೆ. ಎಕ್ಸ್‌ರೇ ತೆಗೆಯುವ ಜಾಗದ ಹಿಂದೆ ಸಣ್ಣ ಕೋಣೆ, ನಾಲ್ಕು ಬೆಂಚು. ಒಬ್ಬ ಕ್ಷೌರಿಕ, ಒಬ್ಬ ವಾಚ್‌ಮನ್, ಒಂಬತ್ತು ತಿಂಗಳ ಕೂಸನ್ನು ಎತ್ತಿಕೊಂಡು ಬಂದ ಒಬ್ಬಳು ತಾಯಿ, ನಾನು. ನೋಡುವವರು ದಪ್ಪ ಕನ್ನಡಕದ ಒಬ್ಬರು ಮೇಡಂ. ಗದರಿಸುತ್ತಾರೆ ಎಂದುಕೊಂಡು ಗಟ್ಟಿ ಮನಸ್ಸು ಮಾಡಿಕೊಂಡು ಹೋದರೆ ಅವರು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಎದ್ದು ಬರಬಹುದಿತ್ತು.

ಬೆಳಗ್ಗೆ ಎದ್ದ ಎಷ್ಟು ನಿಮಿಷಕ್ಕೆ ಮೊದಲನೆಯದು ಎಂದು ಕೇಳಿದರು. ಕಣ್ಣು ಬಿಡುವುದಕ್ಕೆ ಮುಂಚೆ ಎಂದೆ. ಬರೆದುಕೊಂಡರು. ತಮಾಷೆ ಮಾಡಿದೆ ಮೇಡಂ ಎಂದರೆ, “ಇಲ್ಲಪ್ಪ, ನಿಮ್ಗೆ ಅದು ತಮಾಷೆ ಅಲ್ಲ,” ಎಂದರು. ಸಿಗರೇಟಿನ ಬದಲು ಅಗಿಯುವ ಗಮ್ ಕೊಟ್ಟರು. ದನ ಮೆಲುಕು ಹಾಕುವ ಹಾಗೆ ಅಗಿಯಬಾರದಂತೆ, ಸ್ವಲ್ಪ ಕಚ್ಚಿ ದವಡೆಯ ಪಕ್ಕ ಇಟ್ಟುಕೊಳ್ಳಬೇಕಂತೆ. ನಾನು ಮೆಲುಕು ಹಾಕಿದೆ, ದಿನವಿಡೀ ಬಿಕ್ಕಳಿಕೆ.

ಮೊದಲ ಸಲ ಒಂದೂವರೆ ದಿನ ತಡೆದೆ. ಆಮೇಲೆ ನಾಲ್ಕು ದಿನ. ಆ ನಾಲ್ಕು ದಿನ ನಾನು ಮನುಷ್ಯನಾಗಿರಲಿಲ್ಲ ಕಣೇ. ಹಾರ್ನ್ ಹೊಡೆದ ಎಂದು ಒಬ್ಬ ಮುದುಕನ ಮೇಲೆ ರೇಗಿದೆ, ಮಕ್ಕಳೆಲ್ಲ ಗಪ್‌ಚಿಪ್. ವ್ಯಾನ್ ಸ್ಟ್ಯಾಂಡಿನಲ್ಲಿ ಶಾಲೆ ಬಿಡುವ ತನಕ ಮೂರು ಗಂಟೆ ಕಾಯಬೇಕಲ್ಲ, ಅದೇ ಕಷ್ಟ. ಅಲ್ಲಿ ಒಬ್ಬ ಕಡ್ಡಿ ಗೀರಿದರೆ ಎಂಟು ತಲೆ ಬಗ್ಗುತ್ತವೆ. ಬೇಡ ಎಂದವನನ್ನು, ಏನಪ್ಪಾ ಹೆಂಡತಿ ಮೂಗುದಾರ ಹಾಕಿದ್ದಾಳಾ ಎಂದು ಆಡಿಕೊಳ್ಳುತ್ತಾರೆ. ಐದನೇ ದಿನ ನನ್ನ ತಲೆಯೂ ಬಗ್ಗಿತು.

ಈ ಕಾಗದ ವಾಸನೆ ಹೊಡೆಯುತ್ತದೆ, ನನಗೆ ಗೊತ್ತು. ಮಗಳ ಹತ್ತಿರ ಬಿಚ್ಚಬೇಡ.

ನಿನ್ನ ಡ್ರೈವರು


ಮಾರ್ಚ್ 3

ಮಗುವಿನ ಅಪ್ಪನಿಗೆ,

ಹಿತ್ತಿಲಿಗೆ ಹೋಗಿ ಬಿಚ್ಚಿದೆ. ಹೊಡೆಯಿತು.

ನೀವು ಹೋದಿರಲ್ಲ, ಅಷ್ಟಕ್ಕೇ ಅರ್ಧ ಜೀವ ಬಂತು. ಮತ್ತೆ ಹೋಗಿ. ಸ್ಟ್ಯಾಂಡಿನವರು ಆಡಿಕೊಂಡರೆ ಆಡಿಕೊಳ್ಳಲಿ, ಮೂಗುದಾರವೇ ಹಾಕಿದ್ದಾಳೆ ಎನ್ನಿ.

ಇಲ್ಲಿ ನಾವಿರುವುದು ಸ್ಟೋರ್ ರೂಮಿನ ಪಕ್ಕದ ಕೋಣೆಯಲ್ಲಿ. ಅಕ್ಕ ಪಾಪ ಏನೂ ಅನ್ನುವುದಿಲ್ಲ. ಭಾವ ನಮ್ಮನ್ನು ಕಂಡಾಗಲೆಲ್ಲ, ಇನ್ನೂ ಎಷ್ಟು ದಿನ ಇರ್ತೀರಮ್ಮ ಎಂದು ಬಲು ಮರ್ಯಾದೆಯಿಂದ ಕೇಳುತ್ತಾರೆ. ಮಗು ಕೆಮ್ಮಲು ಶುರುಮಾಡಿದರೆ ಭಾವನ ತಾಯಿ ತಮ್ಮ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾರೆ. ಮೆಲ್ಲಗೆ ಅಲ್ಲ, ನಮಗೆ ಕೇಳಿಸುವ ಹಾಗೆ. ಮಗಳು ನನ್ನ ಮುಖ ನೋಡುತ್ತಾಳೆ. ನಾನು ಏನೂ ಆಗಿಲ್ಲ ಎನ್ನುವ ಹಾಗೆ ಗುಂಡಿ ಹೊಲಿಯುತ್ತಿರುತ್ತೇನೆ.

ನನಗೂ ನನ್ನ ಮನೆ ಬೇಕು ರೀ. ನನ್ನ ಮಷೀನು, ನನ್ನ ಒಲೆ, ನನ್ನ ಬಾಗಿಲು. ನಿಮಗೆ ಬೈಯುವುದಕ್ಕಾದರೂ ನೀವು ಎದುರಿಗೆ ಬೇಕು. ಬೇಗ ಬಿಡಿ.

ಮಗುವಿನ ಅಮ್ಮ


ಏಪ್ರಿಲ್ 2

ಟೈಲರಮ್ಮನವರಿಗೆ,

ಬಿಟ್ಟೆ.

ಇವತ್ತಿಗೆ ಇಪ್ಪತ್ತೈದು ದಿನ. ವ್ಯಾನಿನ ಸೀಟುಗಳ ಹೊದಿಕೆ ಬಿಚ್ಚಿ ಒಗೆದು ಹಾಕಿದ್ದೇನೆ, ಒಳಗೆಲ್ಲ ನೀರು ಹೊಡೆಸಿದ್ದೇನೆ. ಸ್ಟ್ಯಾಂಡಿಗೆ ಹೋಗುವುದೇ ಇಲ್ಲ. ಮೂಗಿಗೆ ಹಿಡಿದು ನೋಡು, ಬೇಕಾದರೆ ಅಕ್ಕನಿಗೂ ಕೊಡು. ನನ್ನ ಕಂಡಕ್ಟರನ್ನು ನನಗೆ ಕಳಿಸಿಕೊಡು.

ನಿನ್ನ ಡ್ರೈವರು


ಏಪ್ರಿಲ್ 10

ಕಂಡಕ್ಟರಿನ ಅಪ್ಪನಿಗೆ,

ಬಾಗಿಲ ಹತ್ತಿರವೇ ಬಿಚ್ಚಿದೆ. ಮಗಳು ತಿರುಗಿ ನೋಡಲಿಲ್ಲ, ಏನೂ ಕೇಳಲಿಲ್ಲ. ನಾನೂ ಮೂಸಿದೆ. ಸಿಗರೇಟಿನ ವಾಸನೆ ಇಲ್ಲ.

ಹತ್ತೊಂಬತ್ತಕ್ಕೆ ಬೆಳಗಿನ ಬಸ್ಸಿಗೆ ಹೊರಡುತ್ತೇವೆ. ಬಸ್ ಸ್ಟ್ಯಾಂಡಿಗೆ ಬನ್ನಿ, ಎರಡು ಚೀಲ ಹೆಚ್ಚಾಗಿವೆ.

ನಿಮ್ಮವಳು


ಮೇ 16

ಮಗುವಿನ ಅಪ್ಪನಿಗೆ,

ಮತ್ತೆ ಅದೇ ಸ್ಟೋರ್ ರೂಮಿನ ಪಕ್ಕದ ಕೋಣೆಯಿಂದ ಬರೆಯುತ್ತಿದ್ದೇನೆ. ಮಗು ಮಲಗಿದ್ದಾಳೆ, ಮೂರು ದಿಂಬು ಒರಗಿಸಿ ಕೂರಿಸಿದ ಹಾಗೆ. ಆಸ್ಪತ್ರೆಯಲ್ಲಿ ಆ ಐದು ದಿನ ನಾನು ನಿಮ್ಮ ಜೊತೆ ಮಾತಾಡಲಿಲ್ಲ. ಬಾಯಿ ತೆರೆದಿದ್ದರೆ ವಾರ್ಡಿನವರೆಲ್ಲ ಓಡಿ ಬರುವಷ್ಟು ಕಿರುಚಿಬಿಡುತ್ತಿದ್ದೆ. ಈಗ ಹೇಳುತ್ತೇನೆ.

ನಾವು ಬಂದ ಹದಿನೈದನೇ ದಿನ ಅದು, ಶಾಲೆಯಲ್ಲಿ ಬೇಸಿಗೆ ಶಿಬಿರ ನಡೆಯುತ್ತಿತ್ತು. ಬೆಳಗ್ಗೆ ಅವಳೇ ಓಡಿಹೋಗಿ ಮುಂದಿನ ಸೀಟು ಹತ್ತಿದಳು. ಐದನೇ ಸ್ಟಾಪಿನಲ್ಲಿ ಹಿಂದೆ ಕೂತಿದ್ದ ಹುಡುಗಿ, ಅಂಕಲ್ ಕಂಡಕ್ಟರ್ ಎಣಿಸ್ತಾ ಇಲ್ಲ ಎಂದಳಂತೆ. ನೀವು ತಿರುಗಿ ನೋಡಿದಾಗ ಅವಳ ತುಟಿ ನೀಲಿ. ಕೆಮ್ಮಿರಲಿಲ್ಲ, ಕೂಗಿರಲಿಲ್ಲ. ನಿದ್ದೆ ಹೋಗಿದ್ದಾಳೆ ಎಂದುಕೊಂಡೆ ಎಂದಿರಿ. ಹತ್ತು ಮಕ್ಕಳನ್ನೂ ತುಂಬಿಕೊಂಡೇ ನೀವು ಆಸ್ಪತ್ರೆಗೆ ಓಡಿಸಿದಿರಿ. ಇನ್ನು ಹತ್ತು ನಿಮಿಷ ತಡವಾಗಿದ್ದರೆ ಎಂದು ಡಾಕ್ಟರು ಶುರುಮಾಡಿ ಆ ಮಾತನ್ನು ಅಲ್ಲಿಗೇ ನಿಲ್ಲಿಸಿದರು.

ಮೂಗಿಗೆ ಆಮ್ಲಜನಕದ ಕೊಳವೆ ಹಾಕಿಕೊಂಡು ಅವಳು ಮಲಗಿದ್ದಾಗ ನೀವು ನನ್ನ ಕಾಲ ಬಳಿ ನೆಲದ ಮೇಲೆ ಕೂತು ಹೇಳಿದಿರಿ. ನೀವು ಬಿಟ್ಟೇ ಇರಲಿಲ್ಲ. ದಿನಕ್ಕೆ ಐದಾರು, ನಾವು ಬಂದ ಮೇಲೂ. ವ್ಯಾನಿನಲ್ಲೂ, ಅವಳನ್ನು ಹತ್ತಿಸಿಕೊಳ್ಳುವುದಕ್ಕೆ ಸ್ವಲ್ಪ ಮುಂಚೆ. ಇಪ್ಪತ್ತೈದು ದಿನ ಎಂದ ಆ ಕಾಗದವನ್ನು ಶಾಲೆಯ ಆಫೀಸಿನಲ್ಲಿ ಕೂತು ಬರೆದದ್ದಂತೆ. ಮೊಣಕೈವರೆಗೆ ಮೂರು ಸಲ ಸೋಪು ಹಚ್ಚಿ ತೊಳೆದುಕೊಂಡಿರಂತೆ. ಗುಮಾಸ್ತೆಯ ಡ್ರಾಯರಿನಿಂದ ಹೊಸ ಹಾಳೆ ಕೇಳಿ ತೆಗೆದುಕೊಂಡಿರಂತೆ. ನಿಮ್ಮ ನಾಲಿಗೆ ತಾಗಬಾರದು ಎಂದು ಕವರನ್ನೂ ಆ ಗುಮಾಸ್ತೆಯ ಕೈಯಲ್ಲೇ ಅಂಟಿಸಿಕೊಂಡಿರಂತೆ. ಇಷ್ಟು ಕಷ್ಟಪಡುವವರು ಅದರಲ್ಲಿ ಅರ್ಧ ಪಟ್ಟಿದ್ದರೂ ಬಿಡಬಹುದಿತ್ತು. ಬಿಡುವ ತನಕ ಮಗಳನ್ನು ನೋಡದೆ ಇರಲಾಗಲಿಲ್ಲ ಎಂದಿರಿ. ನೋಡಿದಿರಲ್ಲ.

ಈಗ ನನ್ನದನ್ನು ಕೇಳಿ. ಇದನ್ನು ಯಾರಿಗೂ ಹೇಳಿಲ್ಲ. ಆ ಕಾಗದದಲ್ಲಿ ಸಿಗರೇಟಿನ ವಾಸನೆ ಇರಲಿಲ್ಲ, ನಿಜ. ಸೋಪಿನ ವಾಸನೆ ಇತ್ತು. ಸೀಮೆಗೆ ಇಲ್ಲದ ಸೋಪು. ಯಾವ ಗಂಡಸು ಹೆಂಡತಿಗೆ ಕಾಗದ ಬರೆಯುವ ಮುಂಚೆ ಅಷ್ಟು ಕೈ ತೊಳೆಯುತ್ತಾನೆ? ನನ್ನ ಮೂಗನ್ನೇ ನಂಬುತ್ತೇನೆ ಎಂದು ಜಂಬ ಕೊಚ್ಚಿದವಳು ನಾನು. ಒಂದು ಕ್ಷಣದಲ್ಲಿ ಗೊತ್ತಾಯಿತು. ಅದೇ ಹೊತ್ತಿಗೆ ಭಾವನ ತಾಯಿ ಬಾಗಿಲು ಹಾಕಿಕೊಂಡ ಸದ್ದು ಕೇಳಿಸಿತು. ಕಾಗದ ಮಡಿಸಿಟ್ಟು ಬಟ್ಟೆ ಜೋಡಿಸಲು ಕೂತೆ.

ನೀವು ಸುಳ್ಳು ಬರೆದಿರಿ, ನಾನು ಅದನ್ನು ನಿಜ ಎಂದು ಓದಿದೆ. ಡಾಕ್ಟರು ಚೀಟಿಯಲ್ಲಿ ಕಾರಣ ಸಿಗರೇಟಿನ ಹೊಗೆ ಎಂದು ಬರೆದರಲ್ಲ, ಅದರ ಪಕ್ಕ ನನ್ನ ಹೆಸರೂ ಇರಬೇಕಿತ್ತು.

ಉತ್ತರ ಬೇಡ.

ಮಗುವಿನ ಅಮ್ಮ


ಜೂನ್ 4

ಉತ್ತರ ಬೇಡ ಎಂದಿದ್ದೀಯ. ಓದದಿದ್ದರೂ ಇಟ್ಟುಕೊಂಡಿರು.

ನಿನ್ನ ಪಾಲಿನದು ಎಂದು ನೀನು ಬರೆದದ್ದನ್ನು ನಾನು ಒಪ್ಪುವುದಿಲ್ಲ. ಸೇದಿದವನು ನಾನು.

ಡಾಕ್ಟರು ಹೊಗೆ ಸೀಟಿನಲ್ಲಿ ಉಳಿಯುತ್ತದೆ ಎಂದ ಮಾತು ನನ್ನ ತಲೆಯಲ್ಲಿ ಕೊರೆಯುತ್ತಲೇ ಇತ್ತು. ಆ ಸೀಟುಗಳಲ್ಲಿ ನಮ್ಮವಳು ಒಬ್ಬಳೇ ಕೂತಿರಲಿಲ್ಲವಲ್ಲ. ಕಳೆದ ವಾರ ಆ ಹತ್ತು ಮಕ್ಕಳ ಮನೆಗೂ ಹೋದೆ. ಬಾಗಿಲು ತಟ್ಟಿ, ನಿಮ್ಮ ಮಗು ಬರುವ ವ್ಯಾನಿನಲ್ಲಿ ನಾನು ಆರು ವರ್ಷ ಸಿಗರೇಟು ಸೇದಿದ್ದೇನೆ, ಕೆಮ್ಮು ಇದ್ದರೆ ಒಮ್ಮೆ ಎದೆ ಡಾಕ್ಟರಿಗೆ ತೋರಿಸಿ ಎಂದು ಹೇಳಿದೆ. ಒಬ್ಬರು ತಾಯಿ ಬಾಯಿಗೆ ಬಂದಂತೆ ಬೈದರು. ಅದು ಒಳ್ಳೆಯದೇ ಆಯಿತು, ಅಲ್ಲಿಂದ ಹೊರಬಂದಾಗ ಸ್ವಲ್ಪ ಹಗುರವಾಗಿದ್ದೆ. ಇಬ್ಬರು ಬಾಗಿಲು ಹಾಕಿಕೊಂಡರು. ಇನ್ನೊಂದು ಮನೆಯಲ್ಲಿ ಅಪ್ಪ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಟಿವಿ ನೋಡುತ್ತಿದ್ದ. ಬೆರಳಲ್ಲಿ ಸಿಗರೇಟು ಉರಿಯುತ್ತಿತ್ತು. ನಾನು ಹೇಳಿದ್ದನ್ನೆಲ್ಲ ಕೇಳಿ, “ಇಷ್ಟಕ್ಕೇ ಇಷ್ಟು ದೂರ ಬಂದ್ರಾ?” ಎಂದ. ಬೂದಿ ಮಗುವಿನ ಚಡ್ಡಿಯ ಮೇಲೆ ಬಿತ್ತು, ಒರೆಸಿದ. ಅವನ ಮುಖದಲ್ಲಿ ಜನವರಿಯಲ್ಲಿ ನಿನಗೆ ಕಾಗದ ಬರೆದವನೇ ಕೂತಿದ್ದ.

ಶಾಲೆಯವರು ನನ್ನನ್ನು ತೆಗೆದರು, ತೆಗೆಯಲೇಬೇಕಿತ್ತು. ಈಗ ಟೈರ್ ಅಂಗಡಿಯಲ್ಲಿ ಪಂಕ್ಚರ್ ಹಾಕುತ್ತೇನೆ. ಮಂಗಳವಾರ ತಪ್ಪದೆ ಹೋಗುತ್ತಿದ್ದೇನೆ. ಮೇಡಂಗೆ ಎಲ್ಲ ಹೇಳಿದೆ, ಸೋಪಿನ ವಿಷಯವನ್ನೂ. ಸಿಗರೇಟಿನ ಹಂಬಲ ಇಳಿಸಲು ತೋಳಿಗೆ ಒಂದು ಪಟ್ಟಿ ಅಂಟಿಸುತ್ತಾರೆ, ಊದುವ ಮಷೀನಿನಲ್ಲಿ ಊದಿಸುತ್ತಾರೆ. ಎಷ್ಟು ಹೊಗೆ ಉಳಿದಿದೆ ಎಂದು ಅದು ತೋರಿಸುತ್ತದೆ. ಮೇ ಹದಿನಾಲ್ಕರಿಂದ ಒಂದೂ ಇಲ್ಲ. ನೀನು ನಂಬಬೇಕಾಗಿಲ್ಲ. ಮೇಡಂ ನಿನ್ನ ನಂಬರು ಇಟ್ಟುಕೊಂಡಿದ್ದಾರೆ, ಫೋನ್ ಮಾಡಿದಾಗ ಅವರನ್ನೇ ಕೇಳು.

ಮಗು ಹೇಗಿದ್ದಾಳೆ ಎಂದು ಒಂದು ಸಾಲು ಬರೆ.

ಅವಳ ಅಪ್ಪ


ಜುಲೈ 17

ಮಗುವಿನ ಅಪ್ಪನಿಗೆ,

ಆ ಮೇಡಂ ಫೋನ್ ಮಾಡಿದ್ದರು. ಒಂಬತ್ತು ವಾರವಾಯಿತಂತೆ, ಪ್ರತಿ ಸಲವೂ ಮಷೀನು ಸರಿಯಾಗಿ ತೋರಿಸಿದೆಯಂತೆ. ನಾನು ಹದಿನೈದು ನಿಮಿಷ ಅವರನ್ನು ಕೆದಕಿ ಕೆದಕಿ ಕೇಳಿದೆ. ನಿಮ್ಮ ಯಜಮಾನರು ಕಷ್ಟಪಡುತ್ತಿದ್ದಾರಮ್ಮ ಎಂದರು. ಫೋನ್ ಇಟ್ಟ ಮೇಲೆ ಅತ್ತೆ.

ಮಗು ಪರವಾಗಿಲ್ಲ. ಇನ್‌ಹೇಲರು ದಿನಕ್ಕೆ ಎರಡು ಸಲ, ಕೊಳವೆ ಇಟ್ಟುಕೊಂಡು. ಎದೆಯ ಪರೀಕ್ಷೆಯಲ್ಲಿ ಅವಳ ವಯಸ್ಸಿನ ಮಕ್ಕಳು ಊದುವಷ್ಟು ಅವಳಿಗೆ ಊದಲಾಗುತ್ತಿಲ್ಲ. ಅದು ಪೂರ್ತಿ ವಾಪಸು ಬರುತ್ತದೋ ಇಲ್ಲವೋ ಡಾಕ್ಟರು ಹೇಳಲಿಲ್ಲ. ಆದರೆ ಇತ್ತೀಚೆಗೆ ಕೆಮ್ಮು ಬಹಳ ಕಡಿಮೆ, ಮನೆಯಲ್ಲಿ ಕೇಳಿಸುವುದೇ ಇಲ್ಲ. ಮಾತೂ ಕಡಿಮೆಯಾಗಿದೆ. ಮನೆಗೆ ಬಂದರೆ ಸರಿಹೋಗುತ್ತಾಳೆ ಎಂದುಕೊಂಡಿದ್ದೇನೆ.

ಮುಂದಿನ ಎರಡು ಮಂಗಳವಾರವೂ ಮಷೀನು ಸರಿ ಎಂದರೆ ಆಗಸ್ಟ್ ಮೂರಕ್ಕೆ ಹೊರಡುತ್ತೇವೆ. ಈ ಸಲ ಮೂಗಿನ ಮಾತು ಬೇಡ.

ನಿಮ್ಮವಳು


ಜುಲೈ 19

ಅಪ್ಪಾ,

ಈ ಕಾಗದ ಅಮ್ಮಂಗೆ ಗೊತ್ತಿಲ್ಲ. ಕವರು ದೊಡ್ಡಮ್ಮನ ಡ್ರಾಯರಿಂದ ತಗೊಂಡೆ. ಅಂಚೆ ಡಬ್ಬಿ ನಾನು ಈಗ ಹೋಗೋ ಇಲ್ಲಿನ ಸ್ಕೂಲಿನ ಗೇಟ್ ಹತ್ರ ಇದೆ.

ನಾವು ಆಗಸ್ಟಲ್ಲಿ ಬರ್ತೀವಿ ಅಂತ ಅಮ್ಮ ಹೇಳಿದಳು. ಆಮೇಲೆ ನಂಗೆ ಕೆಮ್ಮು ಬಂದ್ರೆ ಮತ್ತೆ ಇಲ್ಲಿಗೆ ಕರ್ಕೊಂಡು ಬರ್ತಾಳೆ. ನೀನು ಹೆದರಬೇಡ. ನಾನು ಕೆಮ್ಮು ತಡ್ಕೊಳ್ಳೋದು ಕಲಿತಿದೀನಿ. ಇಲ್ಲಿ ಅಜ್ಜಿ ಬಾಗಿಲು ಹಾಕ್ಕೋತಾರಲ್ಲ, ಅದಕ್ಕೇ ಕಲಿತೆ. ಬಾಯಿ ಮುಚ್ಕೊಂಡು, ಕೈ ಗಟ್ಟಿ ಹಿಡ್ಕೊಂಡು, ಮನಸ್ಸಲ್ಲೇ ಎಣಿಸ್ತಾ ಇದ್ರೆ ಆಗುತ್ತೆ. ಅವತ್ತು ವ್ಯಾನಲ್ಲೂ ತಡ್ಕೊಂಡಿದ್ದೆ. ಕೆಮ್ಮಿದ್ರೆ ನೀನು ಅಮ್ಮಂಗೆ ಹೇಳ್ತೀಯ, ಅಮ್ಮ ಚೀಲ ಕಟ್ತಾಳೆ ಅಂತ. ಆಗ ನಂಗೆ ಎಪ್ಪತ್ತರ ತನಕ ಮಾತ್ರ ಬರ್ತಿತ್ತು, ಆಮೇಲೆ ಕತ್ತಲೆ ಆಯ್ತು. ಈಗ ನೂರರ ತನಕ ಬರುತ್ತೆ. ಡಾಕ್ಟರ ಮುಂದೇನೂ ತಡ್ಕೊಂಡೆ, ಗುಡ್ ಅಂದ್ರು.

ಅದಕ್ಕೆ ನನ್ನ ಕರ್ಕೊಂಡು ಹೋಗು. ನಾನು ಕೆಮ್ಮಲ್ಲ.

ಕಂಡಕ್ಟರ್


ಜುಲೈ 26

ಮಗಳೇ,

ನಿನ್ನ ಕಾಗದ ನಿನ್ನೆ ಬಂತು. ಟೈರ್ ಅಂಗಡಿಯಲ್ಲಿ ನಿಂತು ಓದಿದೆ. ಅಂಗಡಿಯ ಯಜಮಾನರು ನನ್ನ ಮುಖ ನೋಡಿ ನೀರು ತಂದುಕೊಟ್ಟರು.

ಈ ಕಾಗದವನ್ನು ಬಚ್ಚಿಡಬೇಡ. ಅಮ್ಮನನ್ನು ಕರೆದು, ಗುಂಡಿ ಹೊಲಿಯುತ್ತಿದ್ದರೆ ಸೂಜಿ ಕೆಳಗಿಡಲು ಹೇಳಿ, ಅವಳ ಮುಂದೆ ಗಟ್ಟಿಯಾಗಿ ಓದು. ಮಧ್ಯದಲ್ಲಿ ಕೆಮ್ಮು ಬಂದರೆ ಕೆಮ್ಮಿ ಮುಂದಕ್ಕೆ ಓದು. ಎಣಿಸಬೇಡ. ಇನ್ನು ಮೇಲೆ ಯಾವತ್ತೂ ಎಣಿಸಬೇಡ. ಕೆಮ್ಮು ಬಂದರೆ ಮನೆಯೆಲ್ಲ ಕೇಳುವ ಹಾಗೆ ಕೆಮ್ಮು, ಬಾಗಿಲು ಹಾಕಿಕೊಳ್ಳುವವರು ಹಾಕಿಕೊಳ್ಳಲಿ. ನಿನ್ನ ಕೆಮ್ಮು ಕೇಳಿಸಿದರೆ ತಾನೆ ಅಮ್ಮನಿಗೆ ಮದ್ದು ಕೊಡಲು ಗೊತ್ತಾಗುವುದು? ನಾಳೆಯೇ ಅಮ್ಮನ ಜೊತೆ ಡಾಕ್ಟರ ಹತ್ತಿರ ಹೋಗಿ, ಅವತ್ತು ತಡೆದುಕೊಂಡಿದ್ದೆ ಎಂದು ಹೇಳು. ಅವರು ಬೈಯುವುದಿಲ್ಲ.

ನೀನು ಕೆಮ್ಮಿದ್ದರಿಂದ ಮನೆ ಬಿಡಬೇಕಾಯಿತು ಎಂದುಕೊಂಡಿದ್ದೀಯ. ಅದು ಸುಳ್ಳು. ನಿನ್ನಿಂದ ಏನೂ ಆಗಿಲ್ಲ. ನಿನ್ನ ಎದೆಯೊಳಗೆ ಹೊಗೆ ಹಾಕಿದವನು ನಾನು. ಪಕ್ಕದಲ್ಲಿ ನೀನು ಕೂತಿರುವಾಗ, ನೀನು ನನ್ನ ಮಗಳು ಎಂಬ ಸಲಿಗೆಯಲ್ಲಿ ಹಾಕಿದೆ.

ಇನ್ನೊಂದು ಮಾತಿದೆ. ಇದನ್ನು ಬರೆಯುವುದು ಬೇಡ ಎಂದು ರಾತ್ರಿಯಿಂದ ನನ್ನ ಜೊತೆ ನಾನೇ ವಾದ ಮಾಡಿದೆ. ಅರವತ್ತೊಂಬತ್ತು ದಿನ ನಾನು ಸಿಗರೇಟು ಮುಟ್ಟಿರಲಿಲ್ಲ. ಇಪ್ಪತ್ತೆರಡನೇ ತಾರೀಖು ಅಮ್ಮನ ಕಾಗದ ಬಂತು, ನೀವು ಮೂರಕ್ಕೆ ಬರುತ್ತೀರಿ ಎಂದು. ನನಗೆ ಸಂತೋಷ ತಡೆಯಲಾಗಲಿಲ್ಲ. ಪಕ್ಕದಲ್ಲಿದ್ದವನು ಹಾಗಾದರೆ ಹಿಡಿಯಪ್ಪ ಎಂದು ಒಂದು ಕೊಟ್ಟ. ದುಃಖ ಬಂದಾಗ ಏನು ಮಾಡಬೇಕು ಎಂದು ಮೇಡಂ ಹೇಳಿಕೊಟ್ಟಿದ್ದರು. ಸಂತೋಷ ಬಂದರೆ ಏನು ಮಾಡಬೇಕು ಎಂದು ನಾನು ಕೇಳಿಕೊಂಡಿರಲಿಲ್ಲ. ಸೇದಿದೆ. ಮರುದಿನ ಒಂದು. ನಿನ್ನ ಕಾಗದ ಓದಿದ ಮೇಲೆ, ಅದೇ ಅಂಗಡಿಯ ಹಿಂದೆ ಹೋಗಿ, ಇನ್ನೊಂದು.

ಎರಡು ದಿನ ಬಿಗಿ ಹಿಡಿದರೆ ಮಷೀನಿಗೂ ಗೊತ್ತಾಗುವುದಿಲ್ಲ. ಮಂಗಳವಾರ ಊದಿದರೆ ಸರಿ ಎಂದೇ ತೋರಿಸುತ್ತದೆ, ಮೇಡಂ ನಿಮ್ಮಮ್ಮನಿಗೆ ಸರಿ ಎಂದೇ ಹೇಳುತ್ತಾರೆ, ಮೂರಕ್ಕೆ ನೀವು ಬಂದು ಇಳಿಯುತ್ತೀರಿ. ನೀನು ನೂರರ ತನಕ ತಡೆದುಕೊಳ್ಳುತ್ತೀಯ, ನಾನು ಎರಡು ದಿನ ತಡೆದುಕೊಳ್ಳುತ್ತೇನೆ. ಒಬ್ಬರಿಗೊಬ್ಬರು ಗೊತ್ತಾಗದ ಹಾಗೆ ಒಂದೇ ಮನೆಯಲ್ಲಿ ಇರಬಹುದು.

ಮಂಗಳವಾರ ಹೋಗಿ ಮೇಡಂಗೆ ಹೇಳುತ್ತೇನೆ. ಮತ್ತೆ ಮೊದಲಿನಿಂದ ಶುರುಮಾಡುತ್ತೇನೆ. ಯಾವಾಗ ಮುಗಿಯುತ್ತದೆ ಎಂದು ಕೇಳಬೇಡ, ನನಗೆ ಗೊತ್ತಿಲ್ಲ. ಅಮ್ಮನಿಗೆ ನನ್ನ ಮೇಲೆ ಕೋಪ ಬಂದರೆ ಬರಲಿ, ನೀನು ನನ್ನ ಪರ ವಹಿಸಬೇಡ.

ಮೂರನೇ ತಾರೀಖು ಬಸ್ಸು ಹತ್ತಬೇಡ, ಮಗಳೇ. ಅಪ್ಪ ಇನ್ನೂ ಸೇದುತ್ತಾನೆ.

ನಿನ್ನ ಅಪ್ಪ